ನಾಲ್ಕನೆಯ ಮೇಜು

ನನ್ನ ಅಜ್ಜಿಯ ಕತೆಗಳಲ್ಲಿ ಸಮುದ್ರಕ್ಕೆ ಬಿದ್ದವರು ಸಾಯುತ್ತಿರಲಿಲ್ಲ. ಕಡಲ ತಳದಲ್ಲಿ ಎದ್ದು ನಿಂತು, ಮನೆಯ ದಿಕ್ಕು ಹಿಡಿದು ನಡೆಯಲು ಶುರುಮಾಡುತ್ತಿದ್ದರು. ನೀರಿನಡಿಯ ನಡಿಗೆ ಬಹಳ ನಿಧಾನ. ಮರಳು ಕಾಲು ಹಿಡಿಯುತ್ತದೆ, ಪಾಚಿ ತೊಡರುತ್ತದೆ, ದಾರಿ ಕೇಳೋಣವೆಂದರೆ ಮೀನುಗಳಿಗೆ ಮಾತು ಬಾರದು. ಆದರೂ ನಡೆಯುತ್ತಾರೆ. ಮನೆಯವರು ಯಾರಾದರೂ 'ಅವನು ಇನ್ನಿಲ್ಲ' ಎಂದು ಬಾಯಿಬಿಟ್ಟು ಹೇಳುವ ತನಕ ನಡೆಯುತ್ತಲೇ ಇರುತ್ತಾರೆ. ಆ ಮಾತು ಬಂದ ಗಳಿಗೆಯಲ್ಲಿ, ಎಲ್ಲಿದ್ದಾರೋ ಅಲ್ಲೇ ಕೂತುಬಿಡುತ್ತಾರೆ. ಅಜ್ಜಿ ಇದನ್ನು ಆಲೂಗಡ್ಡೆ ಸುಲಿಯುತ್ತ, ಪಕ್ಕದ ಬೀದಿಯವರ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ನಾನು ರಾತ್ರಿ ಪಡುವಣ ಗಾಳಿಯ ಸದ್ದು ಕೇಳುತ್ತ ಮಲಗಿ, ಅವರ ಬೂಟುಗಳ ಒಳಗೆ ನೀರು ಎಷ್ಟು ತಣ್ಣಗಿರಬಹುದು ಎಂದು ಯೋಚಿಸುತ್ತಿದ್ದೆ.

ಡೆನ್ಮಾರ್ಕಿನ ಜುಟ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ನಮ್ಮ ಊರಿನಲ್ಲಿ ಈ ಕತೆ ಗೊತ್ತಿಲ್ಲದ ಮನೆಯಿಲ್ಲ. ಮೀನುಗಾರರ ವಿಮಾ ಸಂಘದಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ತಿಳಿದದ್ದು ಇಷ್ಟು: ಅಲ್ಲಿ ಈ ಕತೆಗೆಂದೇ ಒಂದು ಮೇಜು ಇತ್ತು.

ಸಂಘದ ಕಚೇರಿ ಬಂದರಿಗೆ ಮುಖಮಾಡಿದ ಕೆಂಪು ಇಟ್ಟಿಗೆಯ ಕಟ್ಟಡ. ಗಾಳಿ ತಿರುಗಿದರೆ ಮೀನುಹಿಟ್ಟಿನ ಕಾರ್ಖಾನೆಯ ವಾಸನೆ ಕಾಗದಗಳಿಗೂ ಹತ್ತುತ್ತಿತ್ತು. ಒಳಗೆ ಸಾಲಾಗಿ ಆರು ಮೇಜು. ಬಲೆ ಹರಿಯಲಿ, ಎಂಜಿನ್ ಕೆಡಲಿ, ಯಾರದಾದರೂ ಬೆರಳು ಹಗ್ಗದ ರಾಟೆಗೆ ಸಿಕ್ಕಲಿ, ಅರ್ಜಿ ಮೊದಲನೆಯ ಮೇಜಿನ ವಿಗ್ಗೋನ ಬಳಿ ಬರುತ್ತಿತ್ತು. ಅವನು ಮೊಹರು ಒತ್ತಿ ತಂತಿಬುಟ್ಟಿಗೆ ಹಾಕುತ್ತಿದ್ದ. ಅಲ್ಲಿಂದ ಅದು ಎರಡನೆಯ ಮೇಜಿಗೆ, ಮೂರನೆಯದಕ್ಕೆ, ಹೀಗೆ ಒಂದೊಂದು ಬುಟ್ಟಿಯಲ್ಲಿ ನಿದ್ದೆಮಾಡಿ ಎದ್ದು, ಆರನೆಯ ಮೇಜಿನಲ್ಲಿ ಕೂತ ನನ್ನ ಬಳಿಗೆ ಬಂದು ಪತ್ರವಾಗಿ ಹೊರಡುತ್ತಿತ್ತು. ವಿಗ್ಗೋಗೆ ಎಲ್ಲರನ್ನೂ ಕೆಣಕುವ ಚಟ. ನಾನು ಕಿಟಕಿ ನೋಡುತ್ತ ಮೈಮರೆತಾಗ, "ಕನಸುಗಣ್ಣಿ, ಈ ಲೋಕಕ್ಕೆ ಸ್ವಲ್ಪ ಬಾರಮ್ಮ, ಒಬ್ಬನ ಬಲೆ ಹರಿದುಹೋಗಿದೆ" ಎಂದು ಸಾಲಿನ ಆ ತುದಿಯಿಂದ ಕೂಗುತ್ತಿದ್ದ.

ನಾಲ್ಕನೆಯ ಮೇಜು ಬೋದಿಲ್ ಅವರದು. ಸಮುದ್ರದಿಂದ ಹಿಂದಿರುಗದ ಗಂಡಸರ ಕಡತಗಳು ಅವರ ಬುಟ್ಟಿಗೆ ಬಂದು ಅಲ್ಲೇ ನಿಲ್ಲುತ್ತಿದ್ದವು. ಅವುಗಳಿಗೆ ಅವರು ಏನೂ ಮಾಡುತ್ತಿರಲಿಲ್ಲ. ಮನೆಯವರಿಗೆ ಫೋನು ಮಾಡುತ್ತಿರಲಿಲ್ಲ, ಪತ್ರ ಬರೆಯುತ್ತಿರಲಿಲ್ಲ. ಕಾಯುತ್ತಿದ್ದರು. ಒಂದು ದಿನ ಆ ಮನೆಯ ಹೆಂಗಸು, ಹೆಂಡತಿಯೋ ತಾಯಿಯೋ, ತಾನಾಗಿ ಮುಂಬಾಗಿಲಿನಿಂದ ಬಂದು ಅವರೆದುರಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಬೋದಿಲ್ ಕೆಳಗಿನ ಸೆಳೆಖಾನೆಯಿಂದ ನೀಲಿ ಹೂವಿನ ಪಿಂಗಾಣಿ ಬಟ್ಟಲು ತೆಗೆದು ಕಾಫಿ ಬಗ್ಗಿಸುತ್ತಿದ್ದರು. ಆ ಬಟ್ಟಲಿನಲ್ಲಿ ಬೇರೆ ಯಾರೂ ಕುಡಿಯುತ್ತಿರಲಿಲ್ಲ. ಹೆಂಗಸು ಕುಡಿದು ಮುಗಿಸಿ, ಬಟ್ಟಲು ಕೆಳಗಿಟ್ಟು, ಹೇಳಬೇಕಾದ್ದನ್ನು ಹೇಳುತ್ತಿದ್ದಳು. ಅವಳು ಹೇಳಿದ ತಾರೀಖನ್ನು ಬೋದಿಲ್ ಬರೆದುಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಅದು ಬಿರುಗಾಳಿ ಎದ್ದ ದಿನದ ತಾರೀಖೇ ಆಗಿರುತ್ತಿತ್ತು. ಆಮೇಲೆ ಬಟ್ಟಲನ್ನು ತಾವೇ ತೊಳೆದಿಟ್ಟು, ಕಡತವನ್ನು ಐದನೆಯ ಮೇಜಿಗೆ ದಾಟಿಸುತ್ತಿದ್ದರು. ಅಲ್ಲಿಯವರೆಗೆ ಆ ಗಂಡಸು ಸಮುದ್ರದ ಮೇಲಿದ್ದಾನೆ ಎಂದೇ ಸಂಘದ ಲೆಕ್ಕ. ಕೆಲವರು ಕೆಲವೇ ವಾರಗಳಲ್ಲಿ ಬರುತ್ತಿದ್ದರು, ಕೆಲವರಿಗೆ ಒಂದು ಚಳಿಗಾಲ ಕಳೆಯಬೇಕಾಗುತ್ತಿತ್ತು. ಯಾರೂ ಅವಸರ ಮಾಡುತ್ತಿರಲಿಲ್ಲ.

ಬೋದಿಲ್ ಅವರ ಬುಟ್ಟಿಯ ತೀರಾ ತಳದಲ್ಲಿ ಒಂದು ಕಡತವಿತ್ತು. ಅದು ಅವರ ಗಂಡ ಲೌರಿಡ್ಸ್‌ನದು. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವನು ಏಡಿ ಹಿಡಿಯಲು ಒಬ್ಬನೇ ದೋಣಿ ತೆಗೆದುಕೊಂಡು ಹೋಗಿದ್ದ. ಅಂದೇ ಬಿರುಗಾಳಿ ಎದ್ದಿತು. ದೋಣಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಬೋದಿಲ್ ಆ ಕುರ್ಚಿಯಲ್ಲಿ ಎಂದೂ ಕೂತಿರಲಿಲ್ಲ. ಹೇಗೆ ಕೂರುತ್ತಾರೆ, ಅವರು ಮೇಜಿನ ಈ ಬದಿಯವರಲ್ಲವೇ. ಕಡತದ ಮೂಲೆಗಳು ಹಳದಿಯಾಗಿ ಮೆತ್ತಗಾಗಿದ್ದವು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಅದರ ಬಗ್ಗೆ ಮಾತಾಡುವುದು ಮಾತ್ರ ಇಲ್ಲ. ನಮ್ಮ ಊರಿನವರು ಹಾಗೆಯೇ. ಒಬ್ಬರ ದುಃಖವನ್ನು ಅವರ ಎದುರಿಗೆ ಎತ್ತುವುದೆಂದರೆ, ಬಾಗಿಲು ತಟ್ಟದೆ ಅವರ ಮಲಗುವ ಕೋಣೆಗೆ ನುಗ್ಗಿದ ಹಾಗೆ.

ಆ ವರ್ಷ ವಸಂತದಲ್ಲಿ ಆರ್ಹುಸ್ ನಗರದಿಂದ ತೋರ್ಕಿಲ್ ಬಂದ. ಕಚೇರಿಗಳ ಕೆಲಸವನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಡುವ ಕಂಪನಿಯವನು. ನನ್ನದೇ ವಯಸ್ಸಿನ ಮಗಳಿರಬಹುದಾದ, ಮೆತ್ತಗೆ ಮಾತಾಡುವ ಮನುಷ್ಯ. ಕೆಟ್ಟವನೇನಲ್ಲ. ಕಂಪ್ಯೂಟರ್ ನಮ್ಮಲ್ಲಿ ಮೊದಲೇ ಇತ್ತು, ಆದರೆ ನಾನು ಅದನ್ನು ಟೈಪ್‌ರೈಟರಿನ ಹಾಗೆ ಬಳಸುತ್ತಿದ್ದೆ. ತೋರ್ಕಿಲ್ ಮೊದಲ ದಿನವೇ ಹೇಳಿದ: ಹಳೆಯ ದಾರಿಯಲ್ಲೇ ಯಂತ್ರವನ್ನು ಓಡಿಸಿದರೆ ಹಳೆಯ ತಪ್ಪು ಬೇಗಬೇಗ ಆಗುತ್ತದೆ, ಅಷ್ಟೆ. ಆರು ಮೇಜು ಯಾಕಿವೆ? ಕಾಗದ ಒಂದೇ ಇರುವುದರಿಂದ, ಅದು ಒಂದು ಸಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಯಂತ್ರದೊಳಗೆ ಹೋದರೆ ಎಲ್ಲವೂ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ. ಆಗ ಒಬ್ಬರೇ ಕೂತು ಮೊದಲಿಂದ ಕೊನೆವರೆಗೆ ಮುಗಿಸಬಹುದು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನು ಒಂದು ಬಲೆಯ ಅರ್ಜಿಯನ್ನು ಕೈಯಲ್ಲಿ ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು, ಮೇಜಿನಿಂದ ಮೇಜಿಗೆ ಅದರ ಹಿಂದೆಯೇ ನಡೆದ. ಎಲ್ಲರೂ ಅದರ ಮೇಲೆ ಮಾಡಿದ ಕೆಲಸ ಸೇರಿಸಿದರೆ ಒಂದು ಗಂಟೆಯೂ ಆಗಲಿಲ್ಲ. ಆದರೆ ಆ ಮೀನುಗಾರ ಹೊಸ ಬಲೆಗಾಗಿ ವಾರಗಟ್ಟಲೆ ದಡದಲ್ಲಿ ಕೂತಿದ್ದ. ಬಂದರಿನಲ್ಲಿ ನಮ್ಮನ್ನು ಬೈಯುತ್ತಿದ್ದದ್ದು ನಮಗೂ ಗೊತ್ತಿತ್ತು. ವಿಗ್ಗೋ ಮಾತ್ರ ಒಪ್ಪಲಿಲ್ಲ. ತನ್ನ ಮೊಹರಿನ ಸದ್ದು ಕೇಳದಿದ್ದರೆ ಮೀನುಗಳಿಗೆ ನಿದ್ದೆ ಬರುವುದಿಲ್ಲ ಎಂದ. ತೋರ್ಕಿಲ್ ನಗುತ್ತ ಅದನ್ನೂ ಬರೆದುಕೊಂಡ.

ಪ್ರತಿ ಮೇಜಿನಲ್ಲೂ ಕಾಗದ ಸರಾಸರಿ ಎಷ್ಟು ಕಾಲ ನಿಲ್ಲುತ್ತದೆ ಎಂದು ಬುಟ್ಟಿಗಳಲ್ಲಿದ್ದ ಕಡತಗಳ ತಾರೀಖು ಹಿಡಿದು ಅವನ ಯಂತ್ರ ಲೆಕ್ಕ ಹಾಕಿತು. ಶುಕ್ರವಾರ ಬೆಳಗ್ಗೆ, ವಾರದ ಕೊನೆಗೆ ನಾವೆಲ್ಲ ಒಟ್ಟಿಗೆ ಕೂತು ಬನ್ನು ಬೆಣ್ಣೆ ತಿನ್ನುವ ಹೊತ್ತಿಗೆ, ಗೋಡೆಯ ಮೇಲೆ ಉದ್ದನೆಯ ಕಾಗದ ಅಂಟಿಸಿದ. ಆರು ಚೌಕ, ಅವುಗಳ ಮೇಲೆ ಆರು ಕಂಬ. ಐದು ಕಂಬಗಳು ಗೇಣೆತ್ತರ. ನಾಲ್ಕನೆಯದು ಕಾಗದ ದಾಟಿ, ಇನ್ನೊಂದು ಕಾಗದ ಅಂಟಿಸಿಕೊಂಡು, ಹೆಚ್ಚುಕಮ್ಮಿ ಚಾವಣಿಗೆ ಮುಟ್ಟಿತ್ತು. ಆ ಬುಟ್ಟಿಯಲ್ಲಿದ್ದದ್ದೇ ಬೆರಳೆಣಿಕೆಯ ಕಡತಗಳು. ತಳದಲ್ಲಿದ್ದ ಆ ಒಂದೇ ಒಂದು ಅಷ್ಟನ್ನೂ ಮೇಲಕ್ಕೆ ಎಳೆದಿತ್ತು.

ತೋರ್ಕಿಲ್ ದಡ್ಡನಲ್ಲ. ಬನ್ನು ಕೆಳಗಿಟ್ಟು ಕೇಳಿದ:

"ಈ ನಾಲ್ಕನೇದ್ರಲ್ಲಿ ಏನೋ ಸರಿಯಿಲ್ಲ ಅನ್ನಿಸ್ತಿದೆ. ಯಾವುದಾದ್ರೂ ಒಂದು ಹಳೇದು ಸಿಕ್ಕಾಕೊಂಡಿದ್ಯಾ? ಒಂದು ಕೇಸಿನಿಂದ ಹೀಗಾಗಿದ್ರೆ ಹೇಳಿ, ತೆಗೆದು ಮತ್ತೆ ಲೆಕ್ಕ ಹಾಕ್ತೀನಿ. ಮೇಜು ಉಳಿಯುತ್ತೋ ಇಲ್ವೋ ಅನ್ನೋದು ಈ ಲೆಕ್ಕದ ಮೇಲೇ ಇದೆ."

ಮ್ಯಾನೇಜರ್ ಬೆಣ್ಣೆಯ ಚಾಕುವನ್ನು ತಟ್ಟೆಯ ಅಂಚಿಗೆ ಒರೆಸಿದರು. ವಿಗ್ಗೋ ತನ್ನ ಕಾಫಿಯೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿದ. ನಾನು ಕಿಟಕಿ ನೋಡಿದೆ. ಬೋದಿಲ್ ನಮ್ಮ ನಡುವೆಯೇ ಕೂತಿದ್ದರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅವರ ಎದುರಿಗೆ ಆ ಹೆಸರು ಎತ್ತುವುದು ಯಾರಿಂದಲೂ ಆಗುತ್ತಿರಲಿಲ್ಲ. ಅದು ಮರ್ಯಾದೆ ಎಂದೇ ನಾವೆಲ್ಲ ತಿಳಿದಿದ್ದೆವು. ಅವರೇ ಹೇಳಿಯಾರು ಎಂದು ನಾವು, ಹೇಳಿದರೆ ಇವರೆಲ್ಲ ಮುಜುಗರಪಟ್ಟಾರು ಎಂದು ಅವರು.

ಕೊನೆಗೆ ವಿಗ್ಗೋ, "ಸಮುದ್ರದ ಕೆಲಸ ಸ್ವಾಮಿ, ನಿಧಾನವೇ" ಎಂದ. ಯಾರೋ ಸಣ್ಣಗೆ ನಕ್ಕರು. ತೋರ್ಕಿಲ್ ಇನ್ನೂ ಸ್ವಲ್ಪ ಹೊತ್ತು ಕಾದು, ಆ ಕಂಬದ ಕೆಳಗೆ ಕೆಂಪು ಗೆರೆ ಎಳೆದ.

ಆ ಸಂಜೆ ವಿಗ್ಗೋ ತೋರ್ಕಿಲ್‌ನ ಕಾರಿನ ಬಳಿ ಹೋಗಿ ಕಿಟಕಿ ತಟ್ಟಿದ್ದನ್ನು ನಾನು ಮೇಲಿನಿಂದ ಕಂಡೆ. ಬಹಳ ಹೊತ್ತು ಬಾಗಿ ನಿಂತಿದ್ದ. ಹೇಳಿದನೆಂದು ನನ್ನ ಎದೆ ಹಗುರಾಯಿತು. ಸೋಮವಾರ ಕೇಳಿದರೆ, ಮುಖ ಬೇರೆಡೆ ತಿರುಗಿಸಿಕೊಂಡು, "ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇತ್ತು, ಅದನ್ನೇ ಹೇಳ್ದೆ" ಎಂದ.

ಬೇಸಿಗೆ ಮುಗಿಯುವಷ್ಟರಲ್ಲಿ ಹೊಸ ಯಂತ್ರಗಳು ಬಂದವು. ಆರು ಮೇಜುಗಳ ಜಾಗದಲ್ಲಿ ಮೂರು. ವಿಗ್ಗೋ ಉಳಿದ, ನಾನು ಉಳಿದೆ, ಐದನೆಯ ಮೇಜಿನವನು ಉಳಿದ. ಬೋದಿಲ್ ಅವರಿಗೆ ಅವಧಿಗೆ ಮೊದಲೇ ಪಿಂಚಣಿ ಎಂದಾಯಿತು. ಕಾಯುವ ಕೆಲಸಕ್ಕೆ ಮೇಜು ಬೇಕಿಲ್ಲವಂತೆ, ಯಂತ್ರ ತಾನೇ ದಿನ ನೋಡಿಕೊಳ್ಳುತ್ತದಂತೆ. ಇನ್ನು ಮುಂದೆ ಗಂಡನನ್ನು ಕಳೆದುಕೊಂಡವಳು ಅಲೆಯಬೇಕಿಲ್ಲ, ಸಂಘದ ಪತ್ರ ಅದೇ ದಿನ ಅವಳ ಕೈಸೇರುತ್ತದೆ ಎಂದು ತೋರ್ಕಿಲ್ ಎಲ್ಲರೆದುರು ಹೇಳಿದ. ಅದನ್ನು ಅವನು ದಯೆಯಿಂದಲೇ ಹೇಳಿದ.

ಹಳೆಯ ಕಡತಗಳನ್ನು ಯಂತ್ರಕ್ಕೆ ಏರಿಸುವ ಕೆಲಸ ನನ್ನದಾಯಿತು. ನಾಲ್ಕನೆಯ ಬುಟ್ಟಿಯ ತಳಕ್ಕೆ ಬಂದಾಗ ಕೈ ನಿಂತಿತು. ಪರದೆಯ ಮೇಲೆ ಎರಡೇ ಆಯ್ಕೆ: 'ಹಿಂದಿರುಗಿದ್ದಾರೆ', 'ಮೃತರಾಗಿದ್ದಾರೆ'. ಎರಡನೆಯದನ್ನು ಒತ್ತಿದರೆ ತಾರೀಖು ಕೇಳುತ್ತದೆ, ತಾರೀಖಿಲ್ಲದೆ ಮುಂದೆ ಬಿಡುವುದಿಲ್ಲ. ಮೂರನೆಯದಿಲ್ಲ.

ತೋರ್ಕಿಲ್‌ಗೆ ಫೋನು ಮಾಡಿ, ಮೂರನೆಯ ಆಯ್ಕೆಯೊಂದನ್ನು ಸೇರಿಸಲಾಗುತ್ತದೆಯೇ ಎಂದು ಕೇಳಿದೆ. ಯಾಕೆ ಎಂದ. ಆಗ ಹೇಳಿದೆ. ಮೊದಲ ಸಲ, ಫೋನಿನಲ್ಲಿ, ಅವನ ಮುಖ ಕಾಣದಿದ್ದುದರಿಂದ, ಲೌರಿಡ್ಸ್‌ನ ಹೆಸರನ್ನೂ ಹೇಳಿದೆ, ನೀಲಿ ಬಟ್ಟಲಿನ ವಿಷಯವನ್ನೂ ಹೇಳಿದೆ.

"ನಾನು ಕೇಳಿದ್ನಲ್ಲ, ಮಾರೆನ್" ಎಂದ. "ಎಲ್ಲರನ್ನೂ ಕೂರಿಸ್ಕೊಂಡು ಕೇಳಿದ್ನಲ್ಲ. ಆಗ ಒಂದು ಮಾತು ಹೇಳಿದ್ರೆ, 'ಕಾಯುತ್ತಿದ್ದಾರೆ' ಅಂತ ಒಂದು ಸಾಲು ಹಾಕೋದು ಎಷ್ಟರ ಕೆಲಸ? ಆ ಮೇಜನ್ನೂ ನಾನು ತೆಗೀತಿರ್ಲಿಲ್ಲ. ಈಗ ಕೋಪನ್‌ಹೇಗನ್‌ನಲ್ಲಿ ಮುಖ್ಯ ಕಚೇರಿಯವ್ರು ಪ್ರೋಗ್ರಾಮನ್ನ ಅಂತಿಮ ಮಾಡಿ ಮುಗಿಸಿದ್ದಾರೆ. ಬೇರೆ ಊರುಗಳ ಸಂಘಗಳಿಗೂ ಇದೇ ಹೋಗಿದೆ. ನನ್ನ ಕೈಲಿಲ್ಲ."

ಬೋದಿಲ್ ಅವರ ಕೊನೆಯ ದಿನ ಮ್ಯಾನೇಜರ್ ಹೂಗುಚ್ಛ ಕೊಟ್ಟರು, ಸಣ್ಣದೊಂದು ಭಾಷಣ ಮಾಡಿದರು. ವಿಗ್ಗೋ ತಮಾಷೆ ಮಾಡಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಸೆಳೆಖಾನೆ ಖಾಲಿಮಾಡುತ್ತ ಬೋದಿಲ್ ನೀಲಿ ಬಟ್ಟಲನ್ನು ನನ್ನ ಮುಂದಿಟ್ಟು, ಇದು ಕಚೇರಿಯದು, ತಮ್ಮದಲ್ಲ ಎಂದರು. ಆಮೇಲೆ ನನ್ನ ಪರದೆಯ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಮೂಲೆಯಲ್ಲಿ 'ಬಾಕಿ: 1' ಎಂದು ಮಿಣುಕುತ್ತಿತ್ತು. ಬೆಳಗ್ಗೆ ಯಂತ್ರ ಹಚ್ಚಿದರೆ ಅದೇ, ಸಂಜೆ ಆರಿಸುವಾಗಲೂ ಅದೇ.

ನಾನು ದನಿ ತಗ್ಗಿಸಿ, 'ಹಿಂದಿರುಗಿದ್ದಾರೆ' ಎಂದು ಒತ್ತಿಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ.

ಬೋದಿಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿದರು.

"ಬೇಡ ಮಗಾ. ಬಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಬೂಟು ಬಾಗಿಲಲ್ಲಿ ಬಿಡೋ ಅಭ್ಯಾಸವೇ ಇಲ್ಲ ಅವ್ನಿಗೆ. ಮನೆಯೆಲ್ಲ ಮರಳಾಗಿರೋದು."

ಅಷ್ಟು ಹೇಳಿ ಹೂಗುಚ್ಛ ಎತ್ತಿಕೊಂಡು ಹಿಂಬಾಗಿಲಿನಿಂದ, ಸಿಬ್ಬಂದಿಯ ಬಾಗಿಲಿನಿಂದ ಹೋದರು.

ಆ ಸಲ ನವೆಂಬರ್ ಪೂರ್ತಿ ಮಂಜು. ಬಂದರು ಕಾಣುತ್ತಿರಲಿಲ್ಲ, ಮಂಜಿನ ಕಹಳೆ ಮಾತ್ರ ಬಿಟ್ಟುಬಿಟ್ಟು ಕೂಗುತ್ತಿತ್ತು. ಕೆಲಸವೇನೋ ಸರಾಗವಾಗಿತ್ತು. ಬೆಳಗ್ಗೆ ಬಂದ ಅರ್ಜಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಮೀನುಗಾರರು ಬೈಯುವುದನ್ನು ನಿಲ್ಲಿಸಿದ್ದರು, ಬರುವುದನ್ನೂ ನಿಲ್ಲಿಸಿದ್ದರು. ಎಲ್ಲ ಅಂಚೆಯಲ್ಲೇ ಆಗುತ್ತಿತ್ತು. ಮೊಹರು ಒತ್ತಲು ಏನೂ ಇಲ್ಲದ ವಿಗ್ಗೋ ರೇಡಿಯೋ ತಂದಿಟ್ಟುಕೊಂಡಿದ್ದ. ನನ್ನನ್ನು ಕೆಣಕುವುದನ್ನೂ ಬಿಟ್ಟಿದ್ದ. ನಾನು ಕಿಟಕಿಯ ಮಂಜನ್ನು ನೋಡುತ್ತ ಎಷ್ಟು ಹೊತ್ತು ಕೂತರೂ ಈ ಲೋಕಕ್ಕೆ ಯಾರೂ ಕರೆಯುತ್ತಿರಲಿಲ್ಲ. ಹಳೆಯ ಕಾಗದಗಳ ಕೋಣೆ ಮುಚ್ಚಲು ಆ ಒಂದು ಬಾಕಿ ಅಡ್ಡವಾಗಿದೆ ಎಂದು ಕೋಪನ್‌ಹೇಗನ್‌ನಿಂದ ಎರಡು ಸಲ ನೆನಪೋಲೆ ಬಂತು. ಮ್ಯಾನೇಜರ್ ಎರಡನ್ನೂ ನನ್ನ ಮೇಜಿನ ಮೇಲೆ ಕವುಚಿಟ್ಟು ಹೋದರು. ಅವರು ಬೋದಿಲ್‌ರ ಮನೆಯ ಮುಂದಿನಿಂದಲೇ ಪ್ರತಿದಿನ ಸೈಕಲ್ಲಿನಲ್ಲಿ ಬರುವವರು.

ಒಂದು ಮಂಗಳವಾರ ಮುಂಬಾಗಿಲಿನ ಗಂಟೆ ಕೇಳಿಸಿತು. ತಲೆಯೆತ್ತಿದೆ. ಬೋದಿಲ್. ಇಗರ್ಜಿಗೆ ಹೋಗುವಾಗ ಹಾಕುವ ಕಪ್ಪು ಕೋಟು, ಕೈಯಲ್ಲಿ ಚೀಲ, ಕೂದಲು ಒಪ್ಪವಾಗಿ ಬಾಚಿತ್ತು. ಮಂಜಿನ ಹನಿ ಭುಜದ ಮೇಲೆ ಸಣ್ಣಗೆ ಹೊಳೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವರು ಆ ಬಾಗಿಲಿನಿಂದ ಒಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಒಂದು ಕ್ಷಣ ಎಲ್ಲಿ ಹೋಗಬೇಕೆಂದು ತಿಳಿಯದವರ ಹಾಗೆ ನಿಂತರು. ನಾಲ್ಕನೆಯ ಮೇಜು ಇದ್ದ ಕಡೆ ಈಗ ಪ್ಲಾಸ್ಟಿಕ್ ಲೋಟದ ಕಾಫಿ ಯಂತ್ರವಿತ್ತು. ಆಮೇಲೆ ನನ್ನೆದುರಿನ ಕುರ್ಚಿಗೆ ಬಂದು, ತುದಿಯಲ್ಲಿ ಕೂತರು, ಚೀಲ ಮಡಿಲಲ್ಲಿ. ಎಲ್ಲ ಹೆಂಗಸರೂ ಹಾಗೆಯೇ ಕೂರುತ್ತಿದ್ದದ್ದು.

ವಿಗ್ಗೋ ರೇಡಿಯೋ ಆರಿಸಿದ.

ನಾನು ಎದ್ದೆ. ಆ ಯಂತ್ರದ ಕಾಫಿ ಕೊಡಲು ಮನಸ್ಸು ಬರಲಿಲ್ಲ. ವಿಗ್ಗೋ ಮನೆಯಿಂದ ತಂದ ತನ್ನ ಥರ್ಮಾಸನ್ನು ನನ್ನ ಕೈಗಿತ್ತ. ನೀಲಿ ಬಟ್ಟಲು ತೆಗೆದು, ಬಗ್ಗಿಸಿ, ಅವರ ಮುಂದಿಟ್ಟೆ. ತಟ್ಟೆಗೆ ಸ್ವಲ್ಪ ಚೆಲ್ಲಿತು. ಅವರು ನೋಡದ ಹಾಗೆ ಇದ್ದರು. ಇಂಥ ಹೊತ್ತಿನಲ್ಲಿ ಏನು ಮಾತಾಡಬೇಕೆಂದು ಅವರಿಂದ ಕೇಳಿಕೊಂಡಿರಲಿಲ್ಲ. ಏನೂ ಆಡಬಾರದೆಂದು ಆಗ ನೆನಪಾಯಿತು. ಅವರು ಎಂದೂ ಏನೂ ಆಡುತ್ತಿರಲಿಲ್ಲ.

ಕಾಫಿ ಆರುವ ತನಕ ಬಟ್ಟಲನ್ನು ಮುಟ್ಟಲಿಲ್ಲ. ಹೊರಗೆ ಕಹಳೆ ಕೂಗಿತು, ನಿಂತಿತು, ಮತ್ತೆ ಕೂಗಿತು. ಆಮೇಲೆ ಎತ್ತಿ, ಔಷಧಿಯ ಹಾಗೆ ಒಂದೇ ಸಮ ಕುಡಿದು ಕೆಳಗಿಟ್ಟರು.

"ಅವ್ನು ಇನ್ನಿಲ್ಲ" ಎಂದರು.

ನಾನು ಪರದೆಯ ಎರಡನೆಯ ಆಯ್ಕೆಯನ್ನು ಒತ್ತಿದೆ. ಯಂತ್ರ ತಾರೀಖು ಕೇಳಿತು. ಬಿರುಗಾಳಿಯ ದಿನದ ತಾರೀಖು ಕಡತದಲ್ಲೇ ಇತ್ತು, ನನ್ನ ಬೆರಳು ಆಗಲೇ ಅದರ ಮೊದಲ ಅಂಕಿಯ ಮೇಲಿತ್ತು.

"ಅದಲ್ಲ" ಎಂದರು ಬೋದಿಲ್. "ಇವತ್ತಿಂದು ಹಾಕು."

ನಾನು ಅವರ ಮುಖ ನೋಡಿದೆ.

"ಇವತ್ತಿನ ತನಕ ನಡೀತಾನೇ ಇದ್ನಲ್ಲ. ಅದ್ಯಾಕೆ ಸುಳ್ಳು ಬರೀಬೇಕು. ಎಷ್ಟೊಂದು ದೂರ ಬಂದಿದ್ದ. ಸುಸ್ತಾಗಿರತ್ತೆ ಪಾಪ, ಕೂತ್ಕೊಳ್ಳಲಿ."

ಹಾಕಿದೆ. ಯಂತ್ರ ತಕರಾರು ಮಾಡಲಿಲ್ಲ. ಮೂಲೆಯ 'ಬಾಕಿ: 1' ಅಳಿಸಿಹೋಗಿ, ಅದರ ಬೆನ್ನಿಗೇ ಗೋಡೆಯ ಬಳಿಯ ಪ್ರಿಂಟರ್ ಕರಕರ ಶುರುಮಾಡಿತು. ಅದು ಹೀಗೆ ಮಾಡುತ್ತದೆಂದು ನನಗೆ ಗೊತ್ತಿತ್ತು, ಆದರೂ ತಡೆಯುವುದು ಹೇಗೆಂದು ತಿಳಿಯಲಿಲ್ಲ. ಸಂತಾಪದ ಪತ್ರ. ಹಿಂದೆ ಬೋದಿಲ್ ಹೇಳಿ, ನಾನು ಟೈಪು ಮಾಡಿ, ಅವರೇ ಕೈಯಾರೆ ಸಹಿಯ ಕೆಳಗೆ ಒಂದು ಸಾಲು ಸೇರಿಸುತ್ತಿದ್ದ ಪತ್ರ. ಈಗ ಯಾರದೋ ಮಾತುಗಳು, ಮೇಲೆ ಬೋದಿಲ್ ಅವರ ಹೆಸರು, ವಿಳಾಸ. ತಮ್ಮ ಪತಿಯವರು ಇಂದು ನಿಧನರಾದ ಸುದ್ದಿ ತಿಳಿದು ಸಂಘವು ತೀವ್ರವಾಗಿ ದುಃಖಿಸುತ್ತದೆ ಎಂದಿತ್ತು.

ಬಚ್ಚಿಡೋಣವೆಂದುಕೊಂಡೆ. ಅವರು ಕೈ ಚಾಚಿದ್ದರು. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆವರೆಗೆ, ತಪ್ಪು ಹುಡುಕುವವರ ಹಾಗೆ ಓದಿದರು.

"ಆ ಆರ್ಹುಸ್‌ನವ್ನು ಹೇಳಿದ್ದು ನಿಜವೇ ನೋಡು" ಎಂದರು. "ಎಷ್ಟು ಬೇಗ ಬಂತು."

ಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕಿಟ್ಟುಕೊಂಡು ಎದ್ದರು. ಎದ್ದವರು ಅಭ್ಯಾಸದಂತೆ ಬಟ್ಟಲನ್ನೂ ತಟ್ಟೆಯನ್ನೂ ಕೈಗೆತ್ತಿಕೊಂಡು ತೊಳೆಯುವ ಕೋಣೆಯ ಕಡೆ ಹೆಜ್ಜೆ ಹಾಕಿದರು. ನಾನು ಅಡ್ಡ ಬಂದೆ.

"ಕೊಡಿ ಬೋದಿಲ್. ಇವತ್ತು ನೀವು ತೊಳೀಬಾರದು."

ಸ್ವಲ್ಪ ಹೊತ್ತು ಬಟ್ಟಲು ಬಿಡಲಿಲ್ಲ. ಆಮೇಲೆ ಬಿಟ್ಟರು. ಮ್ಯಾನೇಜರ್ ತಮ್ಮ ಕೋಣೆಯಿಂದ ಬಂದು ಮುಂಬಾಗಿಲನ್ನು ತೆರೆದು ಹಿಡಿದರು.

ನಾನು ತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟು ನಿಂತೆ. ಬಿಸಿನೀರು ಮುಗಿದು ತಣ್ಣೀರು ಬರತೊಡಗಿದರೂ ಬಟ್ಟಲು ಕೈಯಲ್ಲೇ ಇತ್ತು. ದಡಕ್ಕೆ ಇನ್ನೆಷ್ಟು ದೂರವಿತ್ತೋ. ಕಡಲ ತಳದ ಮರಳಿನ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಒಂದು ಬೂಟು ಕಳಚಿ, ಒಳಗಿನ ನೀರು ಚೆಲ್ಲಲೆಂದು ಬಗ್ಗಿಸುತ್ತಿದ್ದ. ಸುತ್ತಲೂ ನೀರೇ ಇರುವಾಗ ಅದು ಎಲ್ಲಿಗೆ ಚೆಲ್ಲೀತು. ಅವನು ಬಗ್ಗಿಸುತ್ತಲೇ ಇದ್ದ.